ಕೀಟವು ಭ್ರಮರವಾಗುವುದೆ?

(ಬಾನುಲಿ ಭಾಷಣ)

ನಮ್ಮ ವೇದಾಂತ ಗ್ರಂಥಗಳಲ್ಲಿಯೂ ಭಕ್ತಿಸಾಹಿತ್ಯದಲ್ಲಿಯೂ ಮತ್ತೆ ಮತ್ತೆ ಬರುವ ದೃಷ್ಟಾಂತಗಳಲ್ಲಿ ‘ಕೀಟ-ಭ್ರಮರ ನ್ಯಾಯ’ವೂ ಒಂದು. ಭ್ರಮರವು ಒಂದು ಹುಳುವನ್ನು ಹಿಡಿದು ತಂದು ಗೋಡೆಯ ಮೇಲಿನ ತನ್ನ ಮಣ್ಣಿನ ಗೂಡಿನಲ್ಲಿ ಸೆರೆಯಿಡುತ್ತದೆ. ಗೂಡಿನ ಸುತ್ತ ಝೇಂಕರಿಸುತ್ತ ಸುಳಿಯುತ್ತದೆ. ಒಳಗಿನ ಹುಳು ಭಯದಿಂದ ಅದನ್ನೇ ನೆನೆಯುತ್ತ ನೆನೆಯುತ್ತ ಕೊನೆಗೊಂದು ದಿನ ತಾನೂ ಭ್ರಮರವಾಗಿ ಗೂಡೊಡೆದು ಹೊರಬರುತ್ತದೆ. ಯಾವುದನ್ನು ಎಡೆಬಿಡದೆ ಧ್ಯಾನಿಸುವೆವೋ ನಾವು ಅದೇ ಆಗುವೆವು ಎಂಬುದು ಇದರ ತಾತ್ಪರ್ಯ. ಭಾಗವತದ ಏಕಾದಶ ಸ್ಕಂಧದಲ್ಲಿ ಅವಧೂತನು ತನ್ನ 24 ಗುರುಗಳನ್ನು ಹೆಸರಿಸುವಾಗ ಹೂವಿನಿಂದ ಹೂವಿಗೆ ಹೋಗಿ ಸಾರವನ್ನಷ್ಟೇ ತೆಗೆದುಕೊಳ್ಳುವ ಜೇನುಹುಳುವನ್ನು ನೆನೆದಂತೆ ಈ ಗೂಡು ಕಟ್ಟುವ ಹುಳುವನ್ನೂ ನೆನೆಯುತ್ತಾನೆ.

ಈ ನ್ಯಾಯವು ಕಣ್ಣುಮುಚ್ಚಿ ಕುಳಿತವರು ಕಲ್ಪಿಸಿದ್ದಲ್ಲ. ಯಾರೋ ಎಂದೋ ಕಣ್ಣಾರೆ ಕಂಡು ಕಟ್ಟಿದ ಮಾತು ಇದು. ಮಲಪ್ರಭೆಯ ದಂಡೆಯ ರಾಮದುರ್ಗದಲ್ಲಾಗಲಿ, ಸುತ್ತಣ ಸುರೇಬಾನ, ಮುನವಳ್ಳಿ, ಸವದತ್ತಿಗಳಲ್ಲಾಗಲಿ ಹಳೆಯ ಮಣ್ಣಿನ ಮಾಳಿಗೆಯ ಮನೆಯೊಂದನ್ನು ಹೊಕ್ಕು ನೋಡಿದರೆ ಬಾಗಿಲ ಚೌಕಟ್ಟಿನ ಮೂಲೆಯಲ್ಲಿ, ತೊಲೆಯ ಸಂದಿನಲ್ಲಿ, ದೇವರ ಪಟದ ಹಿಂದೆ ಬೆರಳುಗಾತ್ರದ ಒಣಮಣ್ಣಿನ ಗೂಡುಗಳು ಅಂಟಿಕೊಂಡಿರುವುದನ್ನು ಕಾಣಬಹುದು. ಅದರ ಒಡೆಯನಿಗೆ ಕಣಜ, ಕಡಜ, ಕಣಜದ ಹುಳು, ಕುಂಬಾರ ಹುಳು ಎಂದು ಊರೂರಿಗೆ ಹೆಸರು ಬೇರೆ. ಒಡೆಯ ಎಂದೆನಷ್ಟೆ; ನಿಜವಾಗಿ ಒಡತಿ ಎನ್ನಬೇಕು. ಗೂಡು ಕಟ್ಟುವುದು ಹೆಣ್ಣು ಮಾತ್ರ. ಹೊಳೆಯ ದಂಡೆಯ ಹಸಿಮಣ್ಣನ್ನೋ ಬಚ್ಚಲ ಮೋರಿಯ ಕೆಸರನ್ನೋ ಉಂಡೆಮಾಡಿ ದವಡೆಯಲ್ಲಿ ಕಚ್ಚಿ ತಂದು ಅದು ಗೋಡೆಗೆ ಮೆತ್ತುತ್ತದೆ. ಮೆತ್ತುವಾಗ ಮೈಯನ್ನು ನಡುಗಿಸಿ ಮಣ್ಣನ್ನು ಹದಕ್ಕೆ ತರುತ್ತದೆ. ಆಗ ‘ಜುಂಯ್’ ಎಂಬ ಸದ್ದು ಕೇಳುತ್ತದೆ. ಹಿಂದಿನವರು ಹುಳುವಿಗೆ ಉಪದೇಶಿಸುವ ಮಂತ್ರವೆಂದು ತಿಳಿದದ್ದು ಈ ಗಾರೆಕೆಲಸದ ಸದ್ದನ್ನು.

ಗೂಡಿನೊಳಗೆ ನಡೆಯುವುದೇನು? ಈ ಕುಂಬಾರರಲ್ಲಿ ಎರಡು ಬಗೆ ನಮ್ಮ ಮನೆಗಳಲ್ಲಿ ಸಾಮಾನ್ಯ. ಒಂದು ಬಗೆಯದು ಪುಟ್ಟ ಗಡಿಗೆಯಂಥ ಗೂಡು ಮಾಡಿ, ಒಳಛಾವಣಿಗೆ ಎಳೆಯೊಂದರಲ್ಲಿ ತನ್ನ ತತ್ತಿಯನ್ನು ತೂಗಬಿಟ್ಟು, ಆಮೇಲೆ ಗಿಡಗಳಿಂದ ಹಸಿರು ಕಂಬಳಿಹುಳುಗಳನ್ನು ಹಿಡಿದು ತಂದು ತುಂಬುತ್ತದೆ. ಇನ್ನೊಂದು ಬಗೆಯದಕ್ಕೆ ಎಳೆಯಂತೆ ಉದ್ದನೆಯ ನಡು, ಕರಿ ಹಳದಿ ಮೈ. ಅದು ತುಂಬುವುದು ಜೇಡಗಳನ್ನು. ಎರಡೂ ತಮ್ಮ ಬೇಟೆಯನ್ನು ಕೊಲ್ಲುವುದಿಲ್ಲ. ಕೊಂಡಿಯಿಂದ ಚುಚ್ಚಿ ವಿಷವನ್ನಿಳಿಸಿ ಕೈಕಾಲು ಆಡದಂತೆ ಮಾಡುತ್ತವೆ. ಸತ್ತದ್ದು ಕೊಳೆಯುತ್ತದೆ, ಮರಗಟ್ಟಿದ್ದು ಕೆಡದೆ ಉಳಿಯುತ್ತದೆ. ಗೂಡು ತುಂಬಿದ ಮೇಲೆ ಬಾಯಿಗೆ ಮಣ್ಣು ಮೆತ್ತಿ ತಾಯಿ ಹಾರಿಹೋಗುತ್ತದೆ. ತನ್ನ ಮಗುವಿನ ಮುಖವನ್ನು ಅದು ಸಾಮಾನ್ಯವಾಗಿ ನೋಡುವುದೇ ಇಲ್ಲ. ತತ್ತಿಯೊಡೆದ ಮರಿ ಆ ಜೀವಂತ ಬುತ್ತಿಯನ್ನು ತಿಂದು ಬೆಳೆದು, ಕೋಶಾವಸ್ಥೆಯನ್ನು ಕಳೆದು, ರೆಕ್ಕೆ ಮೂಡಿ, ಮಣ್ಣು ಕೊರೆದು ಹೊರಬರುತ್ತದೆ. ಹುಳು ಒಳಗೆ ಹೋದದ್ದನ್ನು ನೋಡಿದವರಿದ್ದರು. ಕಣಜ ಹೊರಬಂದದ್ದನ್ನೂ ನೋಡಿದವರಿದ್ದರು. ನೋಟ ಎರಡೂ ಸರಿ. ನಡುವೆ ತೂಗುತ್ತಿದ್ದ, ಅಕ್ಕಿಕಾಳಿಗಿಂತ ಚಿಕ್ಕದಾದ ತತ್ತಿಯೊಂದೇ ಅವರ ಕಣ್ಣು ತಪ್ಪಿತು. ಆ ಒಂದು ತತ್ತಿಯಿಂದ ದೃಷ್ಟಾಂತವೆಲ್ಲ ತಲೆಕೆಳಗಾಗುತ್ತದೆ: ಕೀಟವು ಭ್ರಮರವಾಗಲಿಲ್ಲ, ಭ್ರಮರದ ಮಗುವಿಗೆ ಆಹಾರವಾಯಿತು.

ಕನ್ನಡದಲ್ಲಿ ಕಣಜವೆಂದರೆ ಧಾನ್ಯ ತುಂಬಿಡುವ ಉಗ್ರಾಣವೂ ಹೌದು. ಎರಡಕ್ಕೂ ಒಂದೇ ಮಾತು ಬಂದದ್ದು ಆಕಸ್ಮಿಕವಿರಬಹುದು. ಆದರೆ ಈ ಗೂಡಿಗೆ ಅದಕ್ಕಿಂತ ಒಪ್ಪುವ ಹೆಸರನ್ನು ಹುಡುಕುವುದು ಕಷ್ಟ.

ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಕುಳಿತು ಬೇಟೆಗಾರ ಕಣಜಗಳ ನಡವಳಿಕೆಯನ್ನು ವರ್ಷಗಟ್ಟಲೆ ನೋಡಿ ಬರೆದ ಝಾನ್ ಆನ್ರಿ ಫಾಬ್ರನಿಗೆ ಈ ತಾಯ್ತನ ಬೆರಗು ಹುಟ್ಟಿಸಿತು. ಅವನಿಗಿಂತ ಹಿರಿಯನಾದ ಡಾರ್ವಿನ್ನನಿಗೆ ಇದೇ ಬಳಗದ, ಕಂಬಳಿಹುಳುವಿನ ಮೈಯೊಳಗೇ ತತ್ತಿಯಿಡುವ ಕಣಜಗಳ ಸಂಗತಿ ನಿದ್ದೆಗೆಡಿಸಿತು. ಕರುಣಾಳುವಾದ ದೇವರು ಇಂಥದನ್ನು ಬೇಕೆಂದೇ ಸೃಷ್ಟಿಸಿದನೆಂದು ನಂಬುವುದು ತನ್ನಿಂದಾಗದು ಎಂಬ ಭಾವವನ್ನು ಅವನು 1860ರಲ್ಲಿ ಅಮೆರಿಕದ ಸ್ನೇಹಿತ ಏಸಾ ಗ್ರೇಗೆ ಬರೆದ ಪತ್ರದಲ್ಲಿ ತೋಡಿಕೊಂಡಿದ್ದಾನೆ. ನಮ್ಮವರಿಗೆ ಸಾಯುಜ್ಯದ ಸಂಕೇತವಾಗಿ ಕಂಡ ಹುಳು ಅವನಿಗೆ ಸಂದೇಹದ ಬೀಜವಾಯಿತು. ಹುಳುವಂತೂ ಎರಡನ್ನೂ ಬಲ್ಲದಲ್ಲ. ಅದರ ಕಥೆಯನ್ನು ಅದರ ಕಡೆಯಿಂದಲೇ ಕೇಳುವುದು ಒಳಿತು.

ಕಣಜ, ಜೇನು, ಇರುವೆ ಈ ಮೂರನ್ನೂ ಜೀವವಿಜ್ಞಾನವು ಒಂದೇ ಗಣದಲ್ಲಿ ಸೇರಿಸುತ್ತದೆ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಈ ಗಣಕ್ಕೆ ಹೈಮೆನಾಪ್ಟೆರ ಎಂಬ ಹೆಸರನ್ನು ಸ್ಥಿರಪಡಿಸಿದನು. ಪೊರೆಯಂಥ ರೆಕ್ಕೆಯುಳ್ಳವು ಎಂದು ಅರ್ಥ. ಎರಡು ಜೊತೆ ರೆಕ್ಕೆಗಳು. ಹಿಂದಿನ ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಸೂಕ್ಷ್ಮವಾದ ಕೊಕ್ಕೆಗಳಿದ್ದು, ಹಾರುವಾಗ ಅವು ಮುಂದಿನ ರೆಕ್ಕೆಗೆ ಸಿಕ್ಕಿಕೊಂಡು ಎರಡೂ ಒಂದಾಗಿ ಬಡಿಯುತ್ತವೆ. ಇದುವರೆಗೆ ಹೆಸರಿಟ್ಟ ಪ್ರಭೇದಗಳೇ ಒಂದೂವರೆ ಲಕ್ಷವನ್ನು ಮೀರಿವೆ. ಅವುಗಳಲ್ಲಿ ಜೇನಿನ ಜಾತಿಯವು 20,000ಕ್ಕೂ ಹೆಚ್ಚು, ಇರುವೆಗಳು 14,000ಕ್ಕೂ ಹೆಚ್ಚು. ಉಳಿದವುಗಳಲ್ಲಿ ಬಹುಪಾಲು ಕಣಜಗಳೇ.

ಈ ಗಣದ ಅತ್ಯಂತ ಹಳೆಯ ಶಾಖೆಯವಕ್ಕೆ ನಡುವಿಲ್ಲ. ಸಾಸಿವೆಯ ಎಲೆ ತಿನ್ನುವ ಗರಗಸದ ನೊಣ ಈ ಶಾಖೆಗೆ ಸೇರಿದ್ದು. ಅದರ ಹೆಣ್ಣಿಗೆ ತತ್ತಿಯಿಡುವ ನಳಿಕೆಯು ಗರಗಸದಂತಿದ್ದು, ಎಲೆಯನ್ನು ಸೀಳಿ ತತ್ತಿಯನ್ನು ಒಳಗಿಡುತ್ತದೆ. ಮುಂದೆ ಒಂದು ಶಾಖೆಯಲ್ಲಿ ಎದೆ ಹೊಟ್ಟೆಗಳ ನಡುವೆ ಮೈ ಸಣ್ಣಗಾಗಿ ನಡು ಮೂಡಿತು. ಕವಿಗಳು ಹಾಡಿಹೊಗಳುವ ಸಣ್ಣ ನಡುವಿಗೆ ಈ ಹುಳುಗಳ ಬಾಳಿನಲ್ಲಿ ಬೇರೊಂದು ಕೆಲಸವಿದೆ: ಹೊಟ್ಟೆಯ ತುದಿಯನ್ನು ಬೇಕಾದ ಕಡೆಗೆ ಬಾಗಿಸಿ, ಒದ್ದಾಡುವ ಬೇಟೆಯ ಮೈಯಲ್ಲಿ ಗುರಿಯಿಟ್ಟ ಜಾಗಕ್ಕೇ ನಳಿಕೆಯನ್ನು ಚುಚ್ಚುವುದು ಅದರಿಂದ ಸಾಧ್ಯವಾಯಿತು. ಆದರೆ ಲಾಭಕ್ಕೆ ಬೆಲೆಯುಂಟು. ಅಷ್ಟು ಸಣ್ಣ ನಡುವಿನಲ್ಲಿ ಗಟ್ಟಿ ಆಹಾರ ಹಾಯಲಾರದು. ಆದುದರಿಂದ ಬೆಳೆದ ಕಣಜಕ್ಕೆ ಮಕರಂದವೇ ಮೊದಲಾದ ದ್ರವಗಳೇ ಗತಿ. ಅದು ಹಿಡಿಯುವ ಹುಳು ತನಗಲ್ಲ, ಮಗುವಿಗೆ.

ಹೀಗೆ ನಡುವುಳ್ಳವುಗಳಲ್ಲಿ ಅನೇಕ ಬಗೆಯ ಕಣಜಗಳು ಇತರ ಕೀಟಗಳ ಮೈಯಲ್ಲೋ ತತ್ತಿಯಲ್ಲೋ ತಮ್ಮ ತತ್ತಿಯನ್ನಿಟ್ಟು ಬಾಳುವ ಪರತಂತ್ರ ಜೀವಿಗಳು. ಕೆಲವು ಎಷ್ಟು ಚಿಕ್ಕವೆಂದರೆ ಬರಿಗಣ್ಣಿಗೆ ಧೂಳಿನ ಕಣದಂತೆ ತೋರುತ್ತವೆ. ಅತ್ತಿಯ ಹಣ್ಣನ್ನು ಬಿಚ್ಚಿ ನೋಡಿದರೆ ಬರಿಯ ಹುಳು ಎಂದು ನಾವು ಹೊರಗಿನ ಚೆಲುವನ್ನು ಹಳಿಯುತ್ತೇವೆ. ಅತ್ತಿಯ ಹೂವನ್ನು ಕಂಡವರಿಲ್ಲವೆಂದೂ ಹೇಳುತ್ತೇವೆ. ನಾವು ಕಾಯಿ ಎನ್ನುವುದರ ಒಳಮೈಯಲ್ಲಿಯೇ ಅತ್ತಿಯ ನೂರಾರು ಹೂಗಳಿವೆ. ಒಳಗಿರುವ ಹುಳುಗಳೂ ಕಣಜಗಳೇ. ಹೆಣ್ಣು ಕಣಜವು ತುದಿಯ ಕಿರಿದಾದ ಬಾಯಿಯಿಂದ ನುಸುಳಿ ಒಳಹೊಕ್ಕು, ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಕೆಲವು ಹೂಗಳಲ್ಲಿ ತತ್ತಿಯಿಟ್ಟು ಅಲ್ಲಿಯೇ ಸಾಯುತ್ತದೆ. ಮುಂದಿನ ಪೀಳಿಗೆಯ ಗಂಡುಗಳಿಗೆ ರೆಕ್ಕೆಯಿಲ್ಲ; ಅವು ಒಳಗೇ ಹೆಣ್ಣುಗಳನ್ನು ಕೂಡಿ, ಅವುಗಳಿಗೆ ದಾರಿ ಕೊರೆದುಕೊಟ್ಟು ಮಡಿಯುತ್ತವೆ. ಹೆಣ್ಣುಗಳು ಪರಾಗವನ್ನು ಹೊತ್ತು ಬೇರೊಂದು ಅತ್ತಿಯ ಮರಕ್ಕೆ ಹಾರುತ್ತವೆ. ಈ ಹುಳು ಇಲ್ಲವಾದರೆ ಅತ್ತಿಗೆ ಬೀಜವಿಲ್ಲ. ಅತ್ತಿ ಇಲ್ಲವಾದರೆ ಹುಳುವಿಗೆ ಮನೆಯಿಲ್ಲ. ಹಳಿಯುವುದಕ್ಕಿಂತ ಹೊಗಳುವುದಕ್ಕೆ ಇಲ್ಲಿ ಹೆಚ್ಚು ಕಾರಣವಿದೆ.

ಇನ್ನೊಂದು ಶಾಖೆಯಲ್ಲಿ ತತ್ತಿಯಿಡುವ ನಳಿಕೆಯು ತನ್ನ ಮೊದಲ ಕೆಲಸವನ್ನು ಬಿಟ್ಟು ವಿಷದ ಕೊಂಡಿಯಾಯಿತು. ತತ್ತಿ ಅದರ ಬುಡದಿಂದ ಬೇರೆಯಾಗಿ ಹೊರಬರತೊಡಗಿತು. ಕುಟುಕುವವು ಹೆಣ್ಣುಗಳು ಮಾತ್ರ, ಗಂಡುಗಳಿಗೆ ಕೊಂಡಿಯೇ ಇಲ್ಲ ಎಂಬುದರ ಗುಟ್ಟು ಇದು. ನಮ್ಮ ಕುಂಬಾರ ಕಣಜಗಳೂ, ಜೇನುಗಳೂ, ಇರುವೆಗಳೂ ಈ ಕೊಂಡಿಯ ಮನೆತನದವು.

ಮನೆತನ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ವರ್ಗೀಕರಣವೆಂದರೆ ಕಪಾಟಿನ ಖಾನೆಗಳಲ್ಲಿ ಹೆಸರಿನ ಚೀಟಿ ಅಂಟಿಸುವ ಕೆಲಸವಲ್ಲ, ವಂಶಾವಳಿಯನ್ನು ಓದುವ ಕೆಲಸ. ಬೆಳಗಾವಿ ಸೀಮೆಯ ಮನೆತನಗಳಲ್ಲಿ ಕಸುಬಿನಿಂದಲೋ ಊರಿನಿಂದಲೋ ಅಡ್ಡಹೆಸರು ಬರುವುದುಂಟು. ಒಂದೇ ದೊಡ್ಡ ಮನೆಯಿಂದ ಇಬ್ಬರು ಬೇರೆಯಾಗಿ ಹೋಗಿ ಹೊಸ ಕಸುಬು ಹಿಡಿದು ಹೊಸ ಅಡ್ಡಹೆಸರು ಪಡೆದರೆ, ಹಳೆಯ ಮನೆಯಲ್ಲಿ ಉಳಿದವರು ಹಳೆಯ ಹೆಸರಿನಿಂದಲೇ ಕರೆಸಿಕೊಳ್ಳುತ್ತಾರೆ. ಜೇನು ಮತ್ತು ಇರುವೆ ಹಾಗೆ ಬೇರೆಯಾಗಿ ಹೋದ ಇಬ್ಬರು. ಕಣಜವೆಂಬುದು ಉಳಿದವರ ಹೆಸರು. ಚಾರ್ಲ್ಸ್ ಥಾಮಸ್ ಬಿಂಗ್‌ಹ್ಯಾಮನು ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲದ ಗ್ರಂಥಮಾಲೆಗಾಗಿ ಈ ಗಣವನ್ನು ವಿವರಿಸಿದಾಗ 1897ರ ಸಂಪುಟದಲ್ಲಿ ಕಣಜ ಜೇನುಗಳನ್ನೂ, 1903ರ ಸಂಪುಟದಲ್ಲಿ ಇರುವೆಗಳನ್ನೂ ಇಟ್ಟನು. ಮೈಯ ರೂಪವನ್ನು ನೋಡಿ ಮಾಡಿದ ಆ ಏರ್ಪಾಡನ್ನು ಇಂದು ಜೀನುಗಳನ್ನು ಹೋಲಿಸಿ ಪರೀಕ್ಷಿಸುವ ಸೌಕರ್ಯವಿದೆ. 2013ರಲ್ಲಿ ಪ್ರಕಟವಾದ ಅಂಥದೊಂದು ಹೋಲಿಕೆಯು ಒಂದು ವಿಚಿತ್ರವನ್ನು ಹೊರಗೆಡಹಿತು: ಜೇಡ ತುಂಬುವ ಉದ್ದ ನಡುವಿನ ಕಣಜವು ಸೂರಿನಲ್ಲಿ ಕಾಗದದ ಗೂಡು ಕಟ್ಟುವ ಕಣಜಕ್ಕಿಂತ ಜೇನುಹುಳುವಿಗೇ ಹತ್ತಿರದ ನಂಟ, ಇರುವೆಯೂ ಆ ಕಾಗದದ ಕಣಜಕ್ಕಿಂತ ಇವೆರಡಕ್ಕೆ ಹೆಚ್ಚು ಸಮೀಪದ್ದು. ನ್ಯಾಯವನ್ನು ಕಟ್ಟಿದ ಹಿರಿಯರು ಮಣ್ಣಿನ ಗೂಡಿನ ಹುಳುವನ್ನು ಭ್ರಮರವೆಂದು ಕರೆದದ್ದು ಕೇವಲ ತಪ್ಪೆನ್ನುವಂತಿಲ್ಲ.

ಜೇನಾದ ಶಾಖೆ ಮಾಡಿದ್ದೇನು? ಮಾಂಸಾಹಾರವನ್ನು ಬಿಟ್ಟಿತು. ಸುಮಾರು ಹನ್ನೆರಡು ಕೋಟಿ ವರ್ಷಗಳ ಹಿಂದೆ, ಹೂಬಿಡುವ ಸಸ್ಯಗಳು ಭೂಮಿಯಲ್ಲಿ ಹರಡುತ್ತಿದ್ದ ಕಾಲದಲ್ಲಿ, ಮಗುವಿನ ಬುತ್ತಿಗೆ ಹುಳುವಿನ ಬದಲು ಪರಾಗವನ್ನು ಕಟ್ಟತೊಡಗಿದ ಕಣಜಗಳ ಸಂತತಿ ಅದು. ಪರಾಗವನ್ನು ಹಿಡಿದುಕೊಳ್ಳಲು ಅವುಗಳ ಮೈಗೂದಲು ಕವಲೊಡೆದು ಗರಿಯಂತಾಯಿತು. ಮೂಲದಲ್ಲಿ ಅವೂ ಒಂಟಿ ಬಾಳಿನವೇ. ಇಂದಿಗೂ ಬಹುಪಾಲು ಹಾಗೆಯೇ ಉಳಿದಿವೆ. ನಮ್ಮ ಕವಿಗಳ ದುಂಬಿ, ಕರಿಯ ಮೈಗೆ ನೀಲಿಯ ಮಿಂಚುಳ್ಳ ಆ ದಪ್ಪ ಹುಳು, ಜೇನಿನ ಈ ಬಳಗದ್ದೇ. ಒಣಮರದ ತೊಲೆಯನ್ನೋ ಬಿದಿರನ್ನೋ ಕೊರೆದು, ಒಳಗೆ ಸಾಲಾಗಿ ಕೋಣೆ ಮಾಡಿ, ಒಂದೊಂದರಲ್ಲಿ ಪರಾಗದ ಉಂಡೆಯನ್ನೂ ಒಂದು ತತ್ತಿಯನ್ನೂ ಇಟ್ಟು ಮುಚ್ಚುತ್ತದೆ. ಕುಂಬಾರ ಕಣಜದ ಕಣಜವೇ ಇದು; ತುಂಬಿದ ಕಾಳು ಮಾತ್ರ ಬೇರೆ.

ಜೇನುತುಪ್ಪವನ್ನು ಕೂಡಿಡುವ ಜೇನುಗಳು ಕರ್ನಾಟಕದಲ್ಲಿ ಮೂರು ಮುಖ್ಯ ಬಗೆ: ಬಂಡೆಗಲ್ಲಿನ ಕೋಡಿಗೂ ಹೆಮ್ಮರಕ್ಕೂ ಒಂದೇ ದೊಡ್ಡ ಹಲ್ಲೆಯನ್ನು ತೂಗಬಿಡುವ ಹೆಜ್ಜೇನು, ಪೊಟರೆಯಲ್ಲಿ ಹಲವು ಹಲ್ಲೆ ಕಟ್ಟುವ ತುಡುವೆ, ಪೊದೆಯ ಕೋಲಿಗೆ ಅಂಗೈಯಷ್ಟು ಹಲ್ಲೆ ಕಟ್ಟುವ ಕೋಲುಜೇನು. ಕೊಂಡಿ ಸವೆದುಹೋಗಿ ಕುಟುಕಲಾರದ ನಸುರುಜೇನು ಬೇರೊಂದು ಕವಲಿಗೆ ಸೇರಿದ್ದು. ಹೂವಿರುವ ದಿಕ್ಕನ್ನೂ ದೂರವನ್ನೂ ನರ್ತಿಸಿ ತಿಳಿಸುವ ಜೇನಿನ ಭಾಷೆಯನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆ ಭಾಷೆಯ ಹಳೆಯ ರೂಪವನ್ನು ಹುಡುಕಿ ಅವರ ಶಿಷ್ಯ ಮಾರ್ಟಿನ್ ಲಿಂಡಾವರ್ 1950ರ ದಶಕದಲ್ಲಿ ಬಂದದ್ದು ನಮ್ಮ ನೆರೆಯ ಶ್ರೀಲಂಕೆಗೆ. ಹೆಜ್ಜೇನು ತುಡುವೆಗಳು ನೆಟ್ಟಗಿರುವ ಹಲ್ಲೆಯ ಮೇಲೆ ಕುಣಿದು ಸೂರ್ಯನ ದಿಕ್ಕನ್ನು ಮೇಲೆಂದು ಭಾವಿಸಿ ಲೆಕ್ಕ ಹೇಳಿದರೆ, ಕೋಲುಜೇನು ಹಲ್ಲೆಯ ಮೇಲ್ಭಾಗದ ಸಮತಟ್ಟಿನಲ್ಲಿ ಕುಣಿದು ಹೂವಿನ ಕಡೆಗೇ ನೇರವಾಗಿ ಮುಖಮಾಡಿ ತೋರಿಸುತ್ತದೆ.

ಇರುವೆಯಾದ ಶಾಖೆ ಆಕಾಶವನ್ನು ಬಿಟ್ಟು ನೆಲಕ್ಕಿಳಿಯಿತು. 1966ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹವ್ಯಾಸಕ್ಕಾಗಿ ಕಲ್ಲು ಕೂಡಿಸುತ್ತಿದ್ದ ದಂಪತಿಗಳಿಗೆ ಶಿಲೆಯಾದ ಮರದ ಅಂಟಿನಲ್ಲಿ ಸಿಕ್ಕಿಬಿದ್ದ, ಸುಮಾರು ಒಂಬತ್ತು ಕೋಟಿ ವರ್ಷ ಹಿಂದಿನ ಹುಳುವೊಂದು ದೊರೆಯಿತು. ಅರ್ಧ ಕಣಜ, ಅರ್ಧ ಇರುವೆ. ಮರುವರ್ಷ ಅದನ್ನು ವರ್ಣಿಸಿದ ಎಡ್ವರ್ಡ್ ವಿಲ್ಸನ್ ಮತ್ತು ಸಂಗಡಿಗರು ಇಟ್ಟ ಸ್ಫೆಕೊಮಿರ್ಮ ಎಂಬ ಹೆಸರಿನ ಅರ್ಥವೇ ‘ಕಣಜ-ಇರುವೆ’. ಇಂದಿಗೂ ಇರುವೆಗಳ ರಾಣಿಗೂ ಗಂಡಿಗೂ ಒಂದು ದಿನದ ಮಟ್ಟಿಗೆ ಹಳೆಯ ರೆಕ್ಕೆ ಮರಳುತ್ತದೆ. ರೆಕ್ಕೆ ಬಂದ ಇರುವೆಗೆ ಸಾವು ಹತ್ತಿರವೆಂಬ ಆಡುಮಾತು ಗಂಡುಗಳ ಮಟ್ಟಿಗೆ ನಿಜ. ರಾಣಿಯಾದರೋ ಕೂಡಿದ ಮೇಲೆ ತನ್ನ ರೆಕ್ಕೆಗಳನ್ನು ತಾನೇ ಕಿತ್ತೊಗೆದು ನೆಲದೊಳಗೆ ಸೇರುತ್ತದೆ. ಹಲವು ಜಾತಿಗಳಲ್ಲಿ, ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳನ್ನು ಕರಗಿಸಿ ಅದರ ಸಾರದಿಂದಲೇ ಮೊದಲ ಮಕ್ಕಳನ್ನು ಸಾಕುತ್ತದೆ. ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಹುಳುಗಳಲ್ಲಿ ಬಹಳಷ್ಟು ಗೆದ್ದಲಿನವು ಎಂಬುದನ್ನು ಇಲ್ಲಿಯೇ ಹೇಳಬೇಕು. ಗೆದ್ದಲು ಹುತ್ತ ಕಟ್ಟಿ, ರಾಜ್ಯ ಹೂಡಿ ಇರುವೆಯಂತೆಯೇ ಬಾಳಿದರೂ ನಡುವಿಲ್ಲದ ಅದು ಜಿರಲೆಯ ನಂಟ. ಈ ಮನೆತನಕ್ಕೆ ಸೇರಿದ್ದಲ್ಲ. ಬಾಳಿನ ರೀತಿ ಒಂದಾದ ಮಾತ್ರಕ್ಕೆ ಕುಲ ಒಂದಾಗದು.

ಕೆಂಜಿಗವೆಂದೂ ಚಗಳಿಯೆಂದೂ ಹೆಸರಾದ ಕೆಂಪಿರುವೆಗಳು ಮಲೆನಾಡಿನ ಮರಗಳಲ್ಲಿ ಹಸಿರೆಲೆಗಳನ್ನು ಹೊಲಿದು ಮನೆ ಮಾಡುತ್ತವೆ. ರಾಮದುರ್ಗ ಸುರೇಬಾನಗಳಂಥ ನೇಕಾರರ ಊರುಗಳಲ್ಲಿ ಆ ಕೆಲಸವನ್ನು ವಿವರಿಸುವುದು ಸುಲಭ. ಸಾಲುಗಟ್ಟಿದ ಇರುವೆಗಳು ಎರಡು ಎಲೆಗಳ ಅಂಚುಗಳನ್ನು ಎಳೆದು ಹಿಡಿದಿರಲು, ಬೇರೆ ಕೆಲವು ತಮ್ಮ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಅತ್ತಿಂದಿತ್ತ ಇತ್ತಿಂದತ್ತ ಆಡಿಸುತ್ತವೆ. ಮರಿಯ ಬಾಯಿಂದ ರೇಶ್ಮೆಯೆಳೆ ಹೊರಟು ಎಲೆಗಳು ಕೂಡಿಕೊಳ್ಳುತ್ತವೆ. ಲಾಳಿಯೇ ಮಗು, ಮಗುವೇ ಲಾಳಿ. ಈ ಇರುವೆಗೆ ಕುಟುಕುವ ಕೊಂಡಿ ಇಲ್ಲ; ಕಚ್ಚಿದ ಗಾಯಕ್ಕೆ ಹುಳಿಯಾದ ಆಮ್ಲವನ್ನು ಸಿಂಪಡಿಸುತ್ತದೆ. ಮಲೆನಾಡಿನ ಚಗಳಿ ಚಟ್ನಿಯ ಹುಳಿ ಅದೇ.

ಒಂಟಿ ತಾಯಿಯಿಂದ ಇಂಥ ಸಮಾಜ ಹುಟ್ಟಿದ್ದು ಹೇಗೆ? ತಾನು ಹೆರದೆ, ರಾಣಿಯೊಬ್ಬಳ ಮಕ್ಕಳಿಗಾಗಿ ಸಾವಿರಾರು ಹೆಣ್ಣುಗಳು ದುಡಿದು ಸಾಯುವುದೇಕೆ? ಡಾರ್ವಿನ್ನನನ್ನು ಕಾಡಿದ ಪ್ರಶ್ನೆಗಳಲ್ಲಿ ಇದೂ ಒಂದು. ಈ ಗಣದಲ್ಲಿ ಫಲಿತವಾದ ತತ್ತಿ ಹೆಣ್ಣಾಗುತ್ತದೆ, ಫಲಿತವಾಗದ್ದು ಗಂಡಾಗುತ್ತದೆ. ಗಂಡಿಗೆ ತಾಯಿಯುಂಟು, ತಂದೆಯಿಲ್ಲ. ಹೀಗಾಗಿ ಒಂದೇ ತಂದೆಯ ಅಕ್ಕತಂಗಿಯರು ತಮ್ಮ ಸ್ವಂತ ಮಕ್ಕಳಿಗಿಂತಲೂ ಪರಸ್ಪರ ಹೆಚ್ಚು ಹತ್ತಿರದ ರಕ್ತಸಂಬಂಧಿಗಳಾಗುತ್ತಾರೆ: ಮಕ್ಕಳೊಡನೆ ಅರ್ಧಪಾಲು, ಸೋದರಿಯರೊಡನೆ ಮುಕ್ಕಾಲು ಪಾಲು. ವಿಲಿಯಂ ಹ್ಯಾಮಿಲ್ಟನ್ 1964ರಲ್ಲಿ ಈ ಲೆಕ್ಕವನ್ನು ಮುಂದಿಟ್ಟಾಗ ಒಗಟು ಬಿಡಿಸಿದಂತೆಯೇ ತೋರಿತು.

ಆದರೆ ಲೆಕ್ಕವನ್ನು ಗೂಡಿನ ಎದುರು ಕುಳಿತು ತಾಳೆ ನೋಡಬೇಕಲ್ಲ! ಆ ಕೆಲಸ ನಡೆದದ್ದು ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ದಕ್ಷಿಣ ಭಾರತದ ಮನೆಗಳ ಸೂರಿನಲ್ಲಿ, ಕಿಟಕಿಯ ಮೂಲೆಯಲ್ಲಿ ಬೂದಿಬಣ್ಣದ ಕಾಗದದ ಗೂಡು ಕಟ್ಟುವ ರೊಪಾಲಿಡಿಯ ಮಾರ್ಜಿನೇಟ ಎಂಬ ಕೆಂಗಂದು ಕಣಜವನ್ನು ಆರಿಸಿಕೊಂಡರು. ಸಸ್ಯದ ನಾರನ್ನು ಜಗಿದು ಮಾಡಿದ ಆ ಗೂಡಿಗೆ ಮುಚ್ಚಳವಿಲ್ಲ. ಒಳಗಿನ ಸಂಸಾರವೆಲ್ಲ ಬಯಲು. ಒಂದೊಂದು ಕಣಜದ ಮೈಗೂ ಬಣ್ಣದ ಚುಕ್ಕೆಯಿಟ್ಟು ಗುರುತು ಮಾಡಿ, ಯಾವುದು ಎಷ್ಟು ಹೊತ್ತು ಏನು ಮಾಡಿತೆಂದು ಅವರೂ ಅವರ ಸಂಗಡಿಗರೂ ದಾಖಲೆ ಮಾಡಿದರು. ಎನ್.ವಿ. ಜೋಶಿಯವರೊಡನೆ 1983ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಗೂಡಿನ ಹೆಣ್ಣುಗಳಲ್ಲಿ ಕೂರುವವು, ಕಾದಾಡುವವು, ಮೇವಿಗೆ ಹೋಗುವವು ಎಂದು ಮೂರು ಪಂಗಡ ಕಂಡರು. ರಾಣಿ ಯಾವುದು? ಕಾದಾಡುವ ಪಂಗಡದಲ್ಲಿ ಹುಡುಕಿದರೆ ಸಿಗದು. ಅದು ಸುಮ್ಮನೆ ಕೂರುವ ಸಾಧುಗಳಲ್ಲಿ ಒಂದು! ಮೈಯ ಆಕಾರದಲ್ಲಿಯೂ ಅದಕ್ಕೂ ದಾಸಿಗೂ ವ್ಯತ್ಯಾಸವಿಲ್ಲ. ತಾನಿರುವೆನೆಂಬುದನ್ನು ಅದು ತಿಳಿಸುವುದು ಬಲದಿಂದಲ್ಲ, ಮೈಯಿಂದ ಸೂಸುವ ವಾಸನೆಯ ದ್ರವ್ಯದಿಂದ.

ಆ ರಾಣಿಯನ್ನು ಗೂಡಿನಿಂದ ತೆಗೆದರೆ ಸ್ವಲ್ಪ ಹೊತ್ತಿನಲ್ಲಿಯೇ ದಾಸಿಯೊಂದು ಇದ್ದಕ್ಕಿದ್ದಂತೆ ಉಗ್ರವಾಗಿ ಉಳಿದವುಗಳ ಮೇಲೆ ಏರಿಹೋಗತೊಡಗುತ್ತದೆ. ಯಾವುದೂ ಅದಕ್ಕೆ ಎದುರಾಡುವುದಿಲ್ಲ. ರಾಣಿ ಮರಳಿದರೆ ಅದು ಮೊದಲಿನಂತಾಗುತ್ತದೆ; ಮರಳದಿದ್ದರೆ ಒಂದು ವಾರದ ಸುಮಾರಿಗೆ ತತ್ತಿಯಿಟ್ಟು, ತಾನೂ ಸಾಧುವಾದ ರಾಣಿಯಾಗುತ್ತದೆ. ಪಟ್ಟಕ್ಕೆ ಬರುವುದು ಯಾವುದೆಂದು ನೋಡುವ ಮನುಷ್ಯನಿಗೆ ಮುಂಚಿತವಾಗಿ ತಿಳಿಯದು. ಗೂಡಿನ ಕಣಜಗಳಿಗೆ ಮಾತ್ರ ತಿಳಿದಿರುವಂತೆ ತೋರುತ್ತದೆಂದು ಅನಿಂದಿತಾ ಭದ್ರಾ ಮತ್ತು ಗದಗಕರ್ 2008ರಲ್ಲಿ ಪ್ರಯೋಗಗಳಿಂದ ತೋರಿಸಿದರು.

ಮುಕ್ಕಾಲು ಪಾಲಿನ ಲೆಕ್ಕ ಇಲ್ಲಿ ನಿಲ್ಲಲಿಲ್ಲ. ಈ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುತ್ತದೆ. ಒಂದು ರಾಣಿಯ ಬಳಿಕ ಇನ್ನೊಂದು ಪಟ್ಟಕ್ಕೆ ಬರುತ್ತದೆ. ಆದುದರಿಂದ ಗೂಡಿನಲ್ಲಿ ದುಡಿಯುವವು ಸಾಕುವುದು ಅನೇಕ ಸಲ ದೂರದ ನಂಟರ ಮಕ್ಕಳನ್ನು. ಹಾಗಿದ್ದರೂ ಅವು ಗೂಡನ್ನು ಬಿಟ್ಟುಹೋಗುವುದಿಲ್ಲವೇಕೆ? ಹೋಗಿ ಬೇರೆ ಗೂಡು ಹೂಡುವ ಸ್ವಾತಂತ್ರ್ಯವಂತೂ ಉಂಟು. ಗದಗಕರ್ ಅವರು 1990ರಲ್ಲಿ ಮುಂದಿಟ್ಟ ಉತ್ತರಗಳಲ್ಲಿ ಒಂದು ಸರಳವೂ ಮನಮುಟ್ಟುವಂಥದೂ ಆಗಿದೆ. ತತ್ತಿಯೊಂದು ಬೆಳೆದು ಕಣಜವಾಗಲು ಸುಮಾರು ಎರಡು ತಿಂಗಳು ಬೇಕು. ದುಡಿಯುವ ಕಣಜದ ಸರಾಸರಿ ಬಾಳು ಒಂದು ತಿಂಗಳ ಸುಮಾರು. ಒಂಟಿಯಾಗಿ ಗೂಡು ಹೂಡಿದ ತಾಯಿ ನಡುವೆ ಸತ್ತರೆ ಮಕ್ಕಳೆಲ್ಲ ಹಸಿದು ಸಾಯುತ್ತವೆ, ಅದುವರೆಗಿನ ದುಡಿಮೆ ಮಣ್ಣುಪಾಲು. ಕೂಡಿ ಬಾಳುವ ಗೂಡಿನಲ್ಲಾದರೆ ಒಂದು ಹತ್ತೇ ದಿನ ದುಡಿದು ಸತ್ತರೂ ಅದು ಬಿಟ್ಟ ಕೆಲಸವನ್ನು ಇನ್ನೊಂದು ಮುಂದುವರಿಸುತ್ತದೆ. ಹತ್ತು ದಿನದ ದುಡಿಮೆಗೆ ಹತ್ತು ದಿನದ ಫಲವಾದರೂ ನಿಶ್ಚಯ. ಅವಿಭಕ್ತ ಕುಟುಂಬಗಳನ್ನು ಕಂಡ ನಮಗೆ ಈ ತರ್ಕ ಅಪರಿಚಿತವೇನಲ್ಲ. ಎರಡು ದಶಕಗಳ ಈ ವ್ಯಾಸಂಗವು 2001ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕಟಣೆಯಾಗಿ ಗ್ರಂಥರೂಪದಲ್ಲಿ ಬಂದಿತು. ನಾವು ಕಸಬರಿಗೆಯ ತುದಿಗೆ ಬೆಂಕಿ ಹಚ್ಚಿ ಸುಡುವ ಗೂಡೊಂದು ಸಮಾಜವೆಂಬುದು ಹುಟ್ಟುವ ಬಗೆಯನ್ನು ಜಗತ್ತಿಗೆ ಕಲಿಸಿತು.

ಮೂವರು ದಾಯಾದಿಗಳಲ್ಲಿ ಜೇನನ್ನು ನಾವು ಗೌರವಿಸುತ್ತೇವೆ, ಇರುವೆಯನ್ನು ಮಕ್ಕಳಿಗೆ ಆದರ್ಶವೆಂದು ಹೇಳುತ್ತೇವೆ, ಕಣಜವನ್ನು ಕಂಡರೆ ಕೊಲ್ಲುತ್ತೇವೆ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆನೆಲದ ಒಕ್ಕಲಿಗನಿಗೆ ಮೂವರೂ ಬೇಕಾದವರು. ಸೂರ್ಯಕಾಂತಿಯ ತೆನೆಯಲ್ಲಿ ಕಾಳು ತುಂಬಬೇಕಾದರೆ, ಗುರೆಳ್ಳು ಕಾಯಿ ಕಟ್ಟಬೇಕಾದರೆ ಜೇನು ಬರಬೇಕು. ಹತ್ತಿಯ ಕಾಯಿಕೊರಕದ ತ‌ತ್ತಿಯೊಳಗೆ ತನ್ನ ತತ್ತಿಯಿಟ್ಟು ಅದನ್ನು ಹುಟ್ಟುವ ಮೊದಲೇ ಮುಗಿಸುವುದು ಟ್ರೈಕೊಗ್ರಾಮ ಎಂಬ ಕಣದಷ್ಟು ಕಣಜ. 2008ರಲ್ಲಿ ಹೊರನಾಡಿನಿಂದ ಬಂದ ಹಿಟ್ಟುತಿಗಣೆಯೊಂದು ತಮಿಳುನಾಡಿನಿಂದ ಹಬ್ಬಿ ಕರ್ನಾಟಕದ ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಹಾಳುಮಾಡುತ್ತಿದ್ದಾಗ ಔಷಧಗಳು ಸೋತವು. 2010ರಲ್ಲಿ ಬೆಂಗಳೂರಿನ ಕೃಷಿಕೀಟ ಸಂಸ್ಥೆಯು ಪೋರ್ಟೊರಿಕೊದಿಂದ ತರಿಸಿ ಬಿಟ್ಟ ಒಂದು ಕಿರುಕಣಜವು ಆ ಪೀಡೆಯನ್ನು ಹದ್ದಿಗೆ ತಂದಿತು. ನಾವು ಹೊಲಕ್ಕೆ ಎರಚುವ ವಿಷಕ್ಕೆ ಮಾತ್ರ ಕಾಯಿಕೊರಕ ಯಾವುದು, ಅದರ ವೈರಿ ಯಾವುದು, ಹೂವಿಗೆ ಬಂದ ಜೇನು ಯಾವುದು ಎಂಬ ವಿವೇಕವಿಲ್ಲ. ಸಾಕಿದ ಜೇನಿಗೂ ಆಪತ್ತು ತಪ್ಪಿದ್ದಲ್ಲ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಕರ್ನಾಟಕಕ್ಕೆ ಕಾಲಿಟ್ಟು, ತುಡುವೆಯ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ಮಲೆನಾಡಿನಲ್ಲಿ ಅನೇಕರ ಪೆಟ್ಟಿಗೆಗಳು ವರ್ಷಗಟ್ಟಲೆ ಬರಿದಾಗಿ ಉಳಿದವು. ಅಳಿದದ್ದನ್ನು ತುಂಬಿದ್ದು ಕಾಡಿನ ಪೊಟರೆಗಳಲ್ಲಿ ರೋಗವನ್ನು ಎದುರಿಸಿ ಉಳಿದ ತುಡುವೆಗಳೇ. ಆ ಪೊಟರೆಯ ಮರಗಳು ಉಳಿದಿದ್ದರೆ ತಾನೆ ಇಂಥ ಆಸರೆ!

ಇಷ್ಟೆಲ್ಲ ತಿಳಿದ ಮೇಲೆ ಕೀಟ-ಭ್ರಮರ ನ್ಯಾಯವನ್ನು ಬಿಟ್ಟುಬಿಡಬೇಕೆ? ದೃಷ್ಟಾಂತ ತಪ್ಪಾದರೆ ಸಿದ್ಧಾಂತ ತಪ್ಪಾಗಬೇಕೆಂದಿಲ್ಲ. ಧ್ಯಾನದ ಶಕ್ತಿಯನ್ನು ಅರಿತವರು ಹುಳುವಿನ ಸಾಕ್ಷ್ಯಕ್ಕಾಗಿ ಕಾದು ಕುಳಿತವರಲ್ಲ. ಆದರೆ ಹುಳುವಿನ ವಿಷಯದಲ್ಲಿ ಸತ್ಯವನ್ನೇ ಹೇಳಬೇಕು. ಮಣ್ಣಿನ ಗೂಡಿನಲ್ಲಿ ಸೆರೆಯಾದ ಹುಳು ಎಷ್ಟು ನೆನೆದರೂ ಇನ್ನೊಂದಾಗಲಾರದು. ಆ ಗೂಡನ್ನು ಕಟ್ಟಿದ ಕುಲವಾದರೋ ಕೋಟ್ಯಂತರ ವರ್ಷಗಳ ಅವಧಿಯಲ್ಲಿ, ಪೀಳಿಗೆ ಪೀಳಿಗೆಗೂ ಒಂದಿಷ್ಟು ಬದಲಾಗುತ್ತ, ಒಂದು ಕವಲಿನಲ್ಲಿ ಬೇಟೆಯನ್ನು ಬಿಟ್ಟು ಹೂವಿನ ಕಡೆಗೆ ತಿರುಗಿ ನಿಜವಾಗಿಯೂ ಭ್ರಮರವಾಯಿತು; ಇನ್ನೊಂದು ಕವಲಿನಲ್ಲಿ ನೆಲಕ್ಕಿಳಿದು ಇರುವೆಯಾಯಿತು. ಆ ಮೂಲದ ಕುಲ ಇನ್ನೂ ನಮ್ಮ ಬಾಗಿಲ ಚೌಕಟ್ಟಿನಲ್ಲಿ ಹಸಿಮಣ್ಣು ಮೆತ್ತುತ್ತಿದೆ. ಕೆಣಕದಿದ್ದರೆ ಈ ಒಂಟಿ ಕುಂಬಾರ ಹುಳು ಕುಟುಕುವುದು ಅಪರೂಪ. ಹಬ್ಬಕ್ಕೆ ಗೋಡೆ ಸಾರಿಸುವಾಗ ಅದರ ಗೂಡೊಂದು ಕಂಡರೆ, ಒಳಗಿನ ಮಗು ಹೊರಬರುವ ತನಕ ಕೆಲವು ವಾರ ಅದನ್ನು ಹಾಗೆಯೇ ಬಿಡಬಹುದು. ಗೂಡಿನ ಗೋಡೆಯಲ್ಲಿ ದುಂಡಗಿನ ತೂತು ಕಾಣಿಸಿತೆಂದರೆ ಕಣಜ ಹಾರಿಹೋಯಿತೆಂದು ತಿಳಿಯಬೇಕು. ಅನಂತರ ಸಾರಿಸಿದರಾಯಿತು.